ಮೂರು ದಿನ, ಐದು ಮ್ಯೂಸಿಯಂ, ಒಂದು ಮಂಡಿನೋವು

"ಹಳೇ ಸಾಮಾನು ನೋಡಕ್ಕೆ ದುಡ್ಡು ಕೊಟ್ಟು ಬೆಂಗಳೂರಿಗೆ ಹೋಗ್ಬೇಕಾ? ಅಟ್ಟಕ್ಕೆ ಏಣಿ ಹಾಕ್ಕೊಡ್ತೀನಿ, ಹತ್ತಿ ನೋಡಿ" ಅಂದರು ನಮ್ಮ ಅತ್ತೆ. ಹಾಗೆ ಅಂದವರೇ ಹೊರಡುವ ದಿನ ಎಲ್ಲರಿಗಿಂತ ಮೊದಲು ಸೀರೆ ಉಟ್ಟು, ಎಲೆಅಡಿಕೆ ಚೀಲ ಹಿಡಿದು, ನಮ್ಮ ಹಳೇ ಓಮ್ನಿಯ ಮುಂದಿನ ಸೀಟಿನಲ್ಲಿ ಕೂತಿದ್ದರು.

ನಮ್ಮದು ಸೋಮವಾರಪೇಟೆ ಪಕ್ಕದ ಹಳ್ಳಿ. ಪೇಟೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ನಮ್ಮನೆಯವರು ಕಾಫಿ ತೋಟದಲ್ಲಿ ರೈಟರ್. ತೋಟದ ರೈಟರ್ ಅಂದರೆ ಆಳುಗಳ ಹಾಜರಿ ಬರೆಯುವವರು, ಬೇರೇನೂ ಬರೆಯುವವರಲ್ಲ. ಆದ್ದರಿಂದ ಇದನ್ನು ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಮಗಳು ಏಳನೇ ಕ್ಲಾಸು, ಮಗ ಎರಡನೇ ಕ್ಲಾಸು. ದಸರಾಕ್ಕೆ ಮುಂಚೆ ನನಗೆ ಉಸಿರಾಡಲೂ ಪುರುಸೊತ್ತಿರಲ್ಲ, ಬ್ಲೌಸುಗಳ ರಾಶಿ ಬಿದ್ದಿರುತ್ತೆ. ಆಯುಧಪೂಜೆಗೆ ಮೆಷಿನಿಗೆ ಕುಂಕುಮ ಇಟ್ಟು, ವಿಜಯದಶಮಿ ಮುಗಿಸಿ, ಮಾರನೇ ದಿನ ಶುಕ್ರವಾರ ಹೊರಟೆವು. ಅರೇಬಿಕಾ ಹಣ್ಣು ಕೊಯ್ಲಿಗೆ ಇನ್ನೂ ಸಮಯ ಇತ್ತು. ಮಕ್ಕಳಿಗೂ ರಜೆ, ತೋಟಕ್ಕೂ ಬಿಡುವು ಸಿಗುವುದು ಆ ಹತ್ತು ದಿನ ಮಾತ್ರ.

ಮಡಿಕೇರಿಯ ಎರಡು ಮ್ಯೂಸಿಯಂ ಮಕ್ಕಳಿಗೆ ಬಾಯಿಪಾಠ. ಒಂದು ಕೋಟೆಯೊಳಗಿನ ಹಳೇ ಚರ್ಚಿನಲ್ಲಿರುವುದು. ಇನ್ನೊಂದು ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್', 2021ರಲ್ಲಿ ಮ್ಯೂಸಿಯಂ ಆಗಿ ತೆರೆದದ್ದು. ನೆಂಟರು ಬಂದಾಗಲೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿ ಹೋಗಿ, ಅಂಗಳದ ಟ್ಯಾಂಕನ್ನು ನನ್ನ ಮಗ ನಮ್ಮದೇ ಗಾಡಿ ಅನ್ನುವ ಹಾಗೆ ತೋರಿಸ್ತಾನೆ. ಒಬ್ಬರು ಬದುಕಿದ್ದ ಮನೆಯಾದ್ದರಿಂದ ಅಲ್ಲಿ ಒಂದು ಸುಖ ಇದೆ, ಒಂದು ಗಂಟೆಯಲ್ಲಿ ಕಾಲು ನೋಯುವ ಮೊದಲೇ ಮುಗಿಯುತ್ತೆ. ಬೆಂಗಳೂರಿನವು ಹಾಗಲ್ಲ ಅಂತ ಗೊತ್ತಿತ್ತು.

ಇಷ್ಟು ಸ್ಟಾರ್, ಅಷ್ಟು ಸ್ಟಾರ್ ಅಂತ ಕೊಡೋದು ನನಗೆ ಬರಲ್ಲ. ಅಳತೆ ಇಲ್ಲದೆ ಕತ್ತರಿ ಹಾಕುವ ಅಭ್ಯಾಸವೂ ಇಲ್ಲ. ಅದಕ್ಕೆ ನಾನೇ ಒಂದು ಅಳತೆ ಇಟ್ಟುಕೊಂಡೆ: 71 ವರ್ಷದ ಅತ್ತೆ, 7 ವರ್ಷದ ಮಗ, ಇಬ್ಬರೂ ಯಾರೂ ಕೈಹಿಡಿದು ಎಳೆಯದೆ ಒಂದೇ ವಸ್ತುವಿನ ಮುಂದೆ ಎಷ್ಟು ಸಲ ನಿಂತರು? ಉಳಿದ ಮೂವರು ಎಲ್ಲಿ ಬೇಕಾದರೂ ನಿಲ್ಲುವ ಜನ, ನಮ್ಮದು ಲೆಕ್ಕಕ್ಕಿಲ್ಲ.

ಮೊದಲನೆಯದು ಬೆಂಗಳೂರಿಗೆ ಮುಂಚೆಯೇ ಸಿಗುತ್ತೆ. ಮೈಸೂರು ರಸ್ತೆಯಲ್ಲಿ ರಾಮನಗರದ ಹತ್ತಿರದ ಜಾನಪದ ಲೋಕ. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು, ಮೈಸೂರು ಅಂತ ಬಂದು ಎಕ್ಸ್‌ಪ್ರೆಸ್‌ವೇ ಹತ್ತಿದಿರೋ, ಅದು ಚನ್ನಪಟ್ಟಣ, ರಾಮನಗರ ಎರಡನ್ನೂ ಬಿಟ್ಟು ಬಳಸಿಕೊಂಡು ಹೋಗಿಬಿಡುತ್ತೆ. ಹಳೇ ರಸ್ತೆಗೆ ಇಳಿಯುವ ಜಾಗ ನೋಡಿಕೊಂಡಿರಿ. ನಮ್ಮನೆಯವರು "ಇನ್ನೂ ಇದೆ, ಇನ್ನೂ ಇದೆ" ಅನ್ನುತ್ತ ಮುಂದೆ ಹೋಗಿಬಿಟ್ಟರು. ವಾಪಸ್ ತಿರುಗಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಡಬ್ಬಿಯ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಎಲ್ಲ ಗಾಡಿಯಲ್ಲೇ ಖಾಲಿ.

ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. ಹಾಡು, ಕಥೆ, ಹಳ್ಳಿಮನೆಯ ಸಾಮಾನು ಎಲ್ಲ ಹುಡುಕಿ ಕೂಡಿಸಿ, ಸುಮಾರು 15 ಎಕರೆಯಲ್ಲಿ ಈ ಜಾಗ ಕಟ್ಟಿಸಿದರು. 1994ರಲ್ಲಿ ಶುರುವಾದದ್ದು. ಒಳಗೆ ಹೋದ ಹತ್ತು ನಿಮಿಷಕ್ಕೆ ನಮ್ಮ ಸಂಸಾರದ ಯಜಮಾನಿಕೆ ಬದಲಾಯಿತು. ಅಷ್ಟು ಹೊತ್ತು ಮಂಡಿ ಹಿಡಿದುಕೊಂಡಿದ್ದ ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದರು. ಒನಕೆ, ಬೀಸುಕಲ್ಲು, ಕೂರಿಗೆ, ಕೊಳಗ, ಸೇರು, ಪಾವು ಎಲ್ಲದಕ್ಕೂ ಒಂದೊಂದು ಮಾತು. ಕೊಳಗದ ಮುಂದೆ ನಿಂತು ಮೊಮ್ಮಗನಿಗೆ ಹೇಳಿದ್ದು: "ನಮ್ಮ ಕಡೆ ಗದ್ದೆ ಎಷ್ಟು ಅಂದ್ರೆ ಎಕರೆ ಅಂತಿರ್ಲಿಲ್ಲ ಮಗಾ, ಇಷ್ಟು ಭಟ್ಟಿ ಗದ್ದೆ ಅಂತಿದ್ರು. ಭತ್ತ ಅಳೆಯೋ ಲೆಕ್ಕದಲ್ಲೇ ಭೂಮಿ." ಅವನಿಗೆ ಏನು ಅರ್ಥವಾಯಿತೋ, ನನಗಂತೂ ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಅದು ಅರ್ಥವಾಯಿತು. ಮಾವನವರ ಪತ್ರದಲ್ಲಿದ್ದ ಆ ಪದವನ್ನು ನಾನು ಯಾರದ್ದೋ ಇಟ್ಟಿಗೆ ಭಟ್ಟಿ ಅಂದುಕೊಂಡಿದ್ದೆ.

ಹಿಂದೆ ಬರುತ್ತಿದ್ದ ಬೆಂಗಳೂರಿನ ಇನ್ನೊಂದು ಸಂಸಾರ ಮೆಲ್ಲಗೆ ನಮ್ಮ ಜೊತೆಗೇ ಸೇರಿಕೊಂಡಿತು, ಗೈಡ್ ಸಿಕ್ಕಿದರು ಅಂತ. ತೊಗಲುಗೊಂಬೆಗಳ ಹತ್ತಿರ, ಯಕ್ಷಗಾನದ ವೇಷಗಳ ಹತ್ತಿರ ಮಗ ನಿಂತ, ಅಜ್ಜಿಯೂ ನಿಂತರು. ಹೊರಗೆ ಬರುವಾಗ ಕಾವಲಿನವರನ್ನು ಅತ್ತೆ ಕೇಳಿದರು: "ನಮ್ಮ ಅಟ್ಟದಲ್ಲಿ ಗೊರಬು ಇದೆ, ನಮ್ಮ ಅತ್ತೆ ಕಾಲದ್ದು. ಮಳೆಗೆ ನಾಟಿ ಮಾಡೋವಾಗ ಬೆನ್ನಿಗೆ ಹಾಕ್ಕೊಳ್ಳೋದು. ಕೊಟ್ರೆ ಇಟ್ಕೋತೀರಾ?" ಅವರು ನಕ್ಕು, "ಆಫೀಸಲ್ಲಿ ಕೇಳಿ ಅಜ್ಜಿ" ಅಂದರು. ಗೊರಬು ಸದ್ಯಕ್ಕೆ ಅಟ್ಟದಲ್ಲೇ ಇದೆ. ನನ್ನ ಲೆಕ್ಕದಲ್ಲಿ ಅಜ್ಜಿ, ಮೊಮ್ಮಗ ಒಟ್ಟಿಗೆ ನಿಂತದ್ದು ಆರು ಸಲ. ಮಂಗಳವಾರ ರಜೆ, ನೆನಪಿರಲಿ.

ರಾತ್ರಿ ವಿಜಯನಗರದಲ್ಲಿ ನನ್ನ ತಂಗಿ ಮನೆ. ಓಮ್ನಿಯನ್ನು ಅಲ್ಲೇ ಬಿಟ್ಟು ಶನಿವಾರ ಮೆಟ್ರೋ ಹತ್ತಿದೆವು. ನೇರಳೆ ಮಾರ್ಗದಲ್ಲಿ ಕೂತರೆ ಕಬ್ಬನ್ ಪಾರ್ಕ್ ಸ್ಟೇಷನ್, ಎಲ್ಲೂ ಬದಲಾಯಿಸುವ ತಾಪತ್ರಯ ಇಲ್ಲ. ಅಲ್ಲಿಂದ ಅತ್ತೆಯ ಮಂಡಿ ನೆನೆದು ಆಟೋ ಹತ್ತಿದ್ದೇ ತಪ್ಪಾಯಿತು. "ಮ್ಯೂಸಿಯಂಗೆ" ಅಂದೆ. ಆತ ಮ್ಯೂಸಿಯಂ ರೋಡಿಗೆ ತಂದು ಇಳಿಸಿದ. ಅಲ್ಲಿ ಮ್ಯೂಸಿಯಂ ಇಲ್ಲ! ಆತನದ್ದೂ ತಪ್ಪಿಲ್ಲ ಅಂತ ಆಮೇಲೆ ಗೊತ್ತಾಯಿತು. ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಶುರುವಾದಾಗ ಆ ಕಡೆಯೇ ಇತ್ತಂತೆ. ಕಸ್ತೂರಬಾ ರಸ್ತೆಯ ಈಗಿನ ಕೆಂಪು ಕಟ್ಟಡ ಎದ್ದದ್ದು 1877ರಲ್ಲಿ. ಮ್ಯೂಸಿಯಂ ಹೋದರೂ ರಸ್ತೆಯ ಹೆಸರು ಹೋಗಲಿಲ್ಲ. ನೀವು ಹೋದರೆ "ಕಸ್ತೂರಬಾ ರೋಡ್, ವಿಶ್ವೇಶ್ವರಯ್ಯ ಮ್ಯೂಸಿಯಂ" ಅಂತ ಪೂರ್ತಿ ಹೇಳಿ.

ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ರಜಾದಿನ ಹೋದರೆ ಶಾಲೆ ಬಿಟ್ಟ ಹೊತ್ತಿನ ಸೋಮವಾರಪೇಟೆ ಬಸ್‌ಸ್ಟ್ಯಾಂಡಿನಷ್ಟೇ ಗದ್ದಲ. ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತೆಗೆಯುವಾಗಲೇ ನಿಂತಿರಿ. ನಾವು ಮ್ಯೂಸಿಯಂ ರೋಡ್ ದರ್ಶನ ಮುಗಿಸಿ ಹತ್ತೂವರೆಗೆ ಹೋದೆವು, ಆಗಲೇ ಸಾಲು ಇತ್ತು. ಟಿಕೆಟ್ ದರ ಆಗಾಗ ಬದಲಾಗುವುದರಿಂದ ಬರೆಯಲ್ಲ. ಐದು ಜನಕ್ಕೆ ಆದ ಟಿಕೆಟ್ ಖರ್ಚಿಗಿಂತ ಆಮೇಲೆ ಹೊರಗೆ ತಿಂದ ಜೋಳ, ಐಸ್‌ಕ್ರೀಮಿನ ಖರ್ಚೇ ಭಾರವಾಯಿತು.

ಡೈನೋಸಾರ್ ಇದೆ, ತಲೆ ಅಲ್ಲಾಡಿಸಿ ಗುಡುಗುತ್ತೆ. ಮಗ ಅಲ್ಲಿ ನಿಂತವನು ಅಲ್ಲಾಡಲಿಲ್ಲ. ಅತ್ತೆ ಒಂದು ಸಲ ನೋಡಿ, "ಇಂಥದ್ದು ತೋಟಕ್ಕೆ ಬಂದ್ರೆ ಆನೆಯೇ ವಾಸಿ" ಅಂದು ಬೆಂಚು ಹುಡುಕಿಕೊಂಡು ಹೊರಟರು. ಇಲ್ಲಿ ಲೆಕ್ಕ ಸೊನ್ನೆ.

ನಾನು ನಿಂತದ್ದು ರೈಟ್ ಸಹೋದರರ ವಿಮಾನದ ಮುಂದೆ. 1903ರಲ್ಲಿ ಹಾರಿದ್ದರ ತದ್ರೂಪು, ಅಳತೆಯೂ ಅಷ್ಟೇ. ಎಲ್ಲರೂ ಎಂಜಿನ್ ಎಲ್ಲಿ, ಪೈಲಟ್ ಎಲ್ಲಿ ಮಲಗುತ್ತಿದ್ದ ಅಂತ ನೋಡುತ್ತಿದ್ದರೆ ನನ್ನ ಕಣ್ಣು ರೆಕ್ಕೆಯ ಬಟ್ಟೆಯ ಮೇಲೆ. ವಿಮಾನ ಅಂದರೆ ತಗಡು ಅಂದುಕೊಂಡಿದ್ದವಳು ನಾನು, ಇದು ಬಟ್ಟೆ! ಮರದ ಪಟ್ಟಿ, ತಂತಿ, ಬಟ್ಟೆ. ಮಗಳು ಮನೆಗೆ ಬಂದ ಮೇಲೆ ಓದಿ ಹೇಳಿದಳು, ಅಣ್ಣತಮ್ಮಂದಿರು ರೆಕ್ಕೆಗೆ ಹಾಕಿದ್ದು ಸಾದಾ ಮಸ್ಲಿನ್ ಹತ್ತಿಬಟ್ಟೆ, ಮನೆಯ ಹೊಲಿಗೆ ಮೆಷಿನಿನಲ್ಲಿ ಅವರೇ ಹೊಲಿದದ್ದು, ಅದೂ ಓರೆಯಾಗಿ ಕತ್ತರಿಸಿ. ಓರೆಯಾಗಿ ಅಂದರೆ ನಾವು ಹೇಳುವ ಕ್ರಾಸ್ ಕಟಿಂಗ್. ಕ್ರಾಸ್ ಕಟ್ ಬ್ಲೌಸ್ ಮೈಗೆ ಕೂರುತ್ತಲ್ಲ, ಅದೇ ಕಾರಣಕ್ಕೆ ಬಟ್ಟೆ ಆ ಚೌಕಟ್ಟಿಗೆ ಬಿಗಿಯಾಗಿ ಕೂತು, ಅಡ್ಡತಂತಿ ಬಿಗಿದ ಹಾಗೆ ಬಲ ಕೊಡುತ್ತೆ. ಮೊದಲ ಹಾರಾಟ 12 ಸೆಕೆಂಡು, 120 ಅಡಿ. ನನ್ನ ಉಷಾ ಮೆಷಿನಿನಲ್ಲಿ ಅಷ್ಟು ಹೊತ್ತಿಗೆ ಒಂದು ತೋಳಿನ ಮಡಿಕೆಯೂ ಮುಗಿಯಲ್ಲ. ಆ ದಿನದಿಂದ ಅಂಗಡಿಗೆ ಬರುವ ಹುಡುಗಿಯರು "ಅಕ್ಕಾ, ಕ್ರಾಸ್ ಕಟ್ಟಿಗೆ ಯಾಕೆ ಇಪ್ಪತ್ತು ರೂಪಾಯಿ ಜಾಸ್ತಿ" ಅಂದರೆ ವಿಮಾನದ ಕಥೆ ಹೇಳ್ತೀನಿ. ಜಾಸ್ತಿ ಕೊಡ್ತಾರೆ ಅಂತಲ್ಲ, ಚೌಕಾಸಿ ನಿಲ್ಲುತ್ತೆ.

ಮೇಲಿನ ಮಹಡಿಗಳಲ್ಲಿ ವಿದ್ಯುತ್ತಿನದ್ದು, ಮೋಜಿನ ವಿಜ್ಞಾನ, ಬಾಹ್ಯಾಕಾಶ ಎಲ್ಲ ಇದೆ. ಗುಂಡಿ ಒತ್ತು, ಚಕ್ರ ತಿರುಗಿಸು, ಕನ್ನಡಿಯಲ್ಲಿ ಮುಖ ಉದ್ದವಾಗುವುದು ನೋಡು. ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ, ದೊಡ್ಡವರಿಗೆ ಸಾಲಿನಲ್ಲಿ ನಿಂತು ಮಕ್ಕಳಿಗೆ ಜಾಗ ಹಿಡಿಯುವ ಕೆಲಸ. ಫಲಕಗಳಲ್ಲಿ ಕನ್ನಡ ಇರುವುದು ನನಗೆ ಸಮಾಧಾನ. ಮಗಳು ಮೂರು ಸಲ ಓದಿದ್ದನ್ನು ನಾನು ಒಂದೇ ಸಲಕ್ಕೆ ಓದಿ ಅವಳಿಗಿಂತ ಮುಂದೆ ಹೋದೆ.

ಅತ್ತೆ ಎದ್ದು ಬಂದದ್ದು ವಿದ್ಯುತ್ತಿನ ವಿಭಾಗಕ್ಕೆ. 1965ರಲ್ಲಿ ಈ ಮ್ಯೂಸಿಯಂನಲ್ಲಿ ಜನರಿಗೆ ತೆರೆದ ಮೊದಲ ಗ್ಯಾಲರಿ ವಿದ್ಯುತ್ತಿನದ್ದೇ. ಮಗ ಕೈಯಿಂದ ಚಕ್ರ ತಿರುಗಿಸಿ ದೀಪ ಹೊತ್ತಿಸುತ್ತಿದ್ದ. ನಿಲ್ಲಿಸಿದರೆ ದೀಪ ಆರುತ್ತೆ. ನಮ್ಮನೆಯವರಿಗೆ ಶಿವನಸಮುದ್ರದ ಕಥೆ ಗೊತ್ತು. ಅವರ ಅಪರೂಪದ ಭಾಷಣ ಅಲ್ಲೇ ಆಯಿತು: 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟ್ ತೆಗೆದು ಮೊದಲು ಕಳಿಸಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಅತ್ತೆ ಕೇಳಿ, ಸ್ವಲ್ಪ ಹೊತ್ತು ಬಿಟ್ಟು, "ಕಾವೇರಿ ಅಂದ್ರೆ ನಮ್ಮ ತಲಕಾವೇರಿಯಿಂದ ಇಳಿದು ಬಂದದ್ದೇ ಅಲ್ವಾ?" ಅಂದರು. ಹೌದು ಅಂದೆವು. "ಮತ್ತೆ ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮನೇಲಿ ನಾಲ್ಕು ದಿನ ಕರೆಂಟ್ ಯಾಕೆ ಇರಲ್ಲ?" ಆ ಪ್ರಶ್ನೆಗೆ ಅಲ್ಲಿನ ಯಾವ ಫಲಕದಲ್ಲೂ ಉತ್ತರ ಇರಲಿಲ್ಲ. ಗಾಳಿಗೆ ಮರ ಬಿದ್ದು ತಂತಿ ಹರಿಯುತ್ತೆ ಅಂತ ಮಗಳು ಹೇಳಿದಳು. ಅತ್ತೆ ಮೊಮ್ಮಗನ ಪಕ್ಕ ನಿಂತು ತಾವೂ ಚಕ್ರ ತಿರುಗಿಸಿದರು. ದೀಪ ಹೊತ್ತಿತು. "ಇದನ್ನೇ ಒಂದು ಮನೆಗೆ ತಗೊಂಡು ಹೋಗಣ" ಅಂದರು. ಒಂದು ಸಲ, ಆದರೆ ದೀರ್ಘವಾದ ಒಂದು ಸಲ.

ವಿಶ್ವೇಶ್ವರಯ್ಯನವರು ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ, 100 ದಾಟಿದ ಮೇಲೆ. ಅದೇ ಜುಲೈನಲ್ಲಿ ನೆಹರೂ ಈ ಮ್ಯೂಸಿಯಂ ಉದ್ಘಾಟಿಸಿದರು. ಮೂರು ತಿಂಗಳು ತಡೆದಿದ್ದರೆ ಅವರೇ ನೋಡುತ್ತಿದ್ದರಲ್ಲ ಅಂತ ನಮ್ಮನೆಯವರಿಗೆ ಯಾಕೋ ಬಹಳ ಬೇಸರವಾಯಿತು, ಸ್ವಂತ ಅಜ್ಜನ ವಿಷಯದಂತೆ.

ಮಧ್ಯಾಹ್ನದ ಊಟದ ವಿಷಯ ಬೇಗ ಮುಗಿಸ್ತೀನಿ. ಅಲ್ಲೇ ಆಚೆ ಎಲ್ಲೋ ಒಂದು ಹೋಟೆಲ್. ಆರಿದ ಪೂರಿ, ಬಿಸಿ ಇಲ್ಲದ ಸಾಗು, ಬಿಲ್ಲು ಮಾತ್ರ ಬಿಸಿ. ಮನೆಯಿಂದ ಬುತ್ತಿ ತಂದು ಕಬ್ಬನ್ ಪಾರ್ಕಿನಲ್ಲಿ ಕೂತು ತಿನ್ನಬೇಕಿತ್ತು. ಮರದ ನೆರಳು ಬಿಟ್ಟಿ.

ಆಮೇಲಿನದ್ದೇ ನಾನು ಈ ಬರಹಕ್ಕೆ ಕೂರಲು ಕಾರಣ.

ವಿಶ್ವೇಶ್ವರಯ್ಯ ಮ್ಯೂಸಿಯಂನಿಂದ ಹೊರಬಂದು ನಾಲ್ಕು ಹೆಜ್ಜೆ ನಡೆದರೆ ಸರ್ಕಾರಿ ವಸ್ತುಸಂಗ್ರಹಾಲಯ. ಹಳೇ ಕಟ್ಟಡವಾದ್ದರಿಂದ ದುರಸ್ತಿ ಅಂತ ಮುಚ್ಚಿರುವುದೂ ಉಂಟು. ಬಾಗಿಲು ತೆರೆದಿದೆಯಾ ಅಂತ ಕೇಳಿಕೊಂಡೇ ಹೋಗಿ. ಸೋಮವಾರ ರಜೆ. ಇಲ್ಲಿ ಗುಂಡಿ ಒತ್ತುವುದು ಯಾವುದೂ ಇಲ್ಲ. ಕಲ್ಲು, ಶಾಸನ, ವಿಗ್ರಹ, ನಾಣ್ಯ. ಗದ್ದಲದಿಂದ ಬಂದವರಿಗೆ ಕಿವಿ ತಣ್ಣಗಾಗುತ್ತೆ. ಮಗ ಎರಡು ನಿಮಿಷಕ್ಕೆ "ಅಮ್ಮಾ, ಇಲ್ಲಿ ಏನೂ ಇಲ್ಲ" ಅಂದ. ಬೇಗೂರಿನ ವೀರಗಲ್ಲಿನ ಆನೆ, ಕುದುರೆ, ಕತ್ತಿ ತೋರಿಸಿ ಇನ್ನೈದು ನಿಮಿಷ ಎಳೆದೆ. ನನಗೆ ಬೇಕಿದ್ದದ್ದು ಆತಕೂರಿನ ಕಲ್ಲು. ಪಿಯುಸಿಯಲ್ಲಿ ನಮ್ಮ ಇತಿಹಾಸದ ಮೇಷ್ಟ್ರು ಅದರ ಕಥೆ ಹೇಳಿದ್ದರು. ಪರೀಕ್ಷೆಗೆ ಬರಲಿಲ್ಲ, ಆದರೆ ಮರೆತೂ ಹೋಗಲಿಲ್ಲ.

ಕಲ್ಲಿನ ನಡುವೆ ಒಂದು ನಾಯಿ, ಒಂದು ಹಂದಿ, ಒಂದರ ಮೇಲೊಂದು ಬಿದ್ದು ಕಾದಾಡುತ್ತಿವೆ. ಸುತ್ತ ಹಳಗನ್ನಡದ ಅಕ್ಷರ. ಮಗ ಬಂದು ನಿಂತ. "ನಾಯಿ!" ಅಂದ. ಆ ಕೂಗಿಗೆ ಅತ್ತೆ ಬೆಂಚಿನಿಂದ ಎದ್ದು ಬಂದರು.

ಕಥೆ ಹೇಳಿದೆ. ಕ್ರಿ.ಶ. 949ರ ಸುಮಾರು, ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧ. ಚೋಳರ ರಾಜಾದಿತ್ಯ ಸತ್ತ. ಕೃಷ್ಣನ ಪಕ್ಷದಲ್ಲಿ ಗಂಗರ ಇಮ್ಮಡಿ ಬೂತುಗ, ಬೂತುಗನ ಬಂಟ ಮಣಲೇರ. ಮಣಲೇರ ಕಾದಾಡಿದ ರೀತಿಗೆ ಮೆಚ್ಚಿ ಒಡೆಯ "ಏನು ಬೇಕೋ ಬೇಡಿಕೋ" ಅಂದ. ಮಣಲೇರ ಬೇಡಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಒಡೆಯ ಕೊಟ್ಟ. ಮುಂದೆ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಚ್ಚಾಡಿ, ಎರಡೂ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಚಲ್ಲೇಶ್ವರ ದೇವಸ್ಥಾನದ ಎದುರು ನಾಯಿಗಾಗಿ ಈ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪೂಜಾರಿಗೆ ಪಾಪ ತಟ್ಟುತ್ತೆ ಅಂತಲೂ ಕೊರೆಸಿದ್ದಾರೆ.

ಬಯಲುಸೀಮೆಯವರಿಗೆ ಇದು ಕಥೆ ಇರಬಹುದು. ಕೊಡಗಿನವರಿಗೆ ಹಂದಿ, ನಾಯಿ ಅಂದರೆ ಬೇರೆ. ಭತ್ತ ಹಾಲುತುಂಬುವ ಹೊತ್ತಿಗೆ ಹಂದಿ ಇಳಿದರೆ ಒಂದೇ ರಾತ್ರಿಯಲ್ಲಿ ಗದ್ದೆ ಉತ್ತ ಹಾಗೆ ಮಾಡಿಟ್ಟು ಹೋಗುತ್ತೆ. ತೋಟದೊಳಗೆ ಮೊದಲು ಬೊಗಳುವುದು ನಾಯಿ, ಮೊದಲು ಕೋರೆಗೆ ಸಿಗುವುದೂ ನಾಯಿ.

ಅತ್ತೆ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊಮ್ಮಗನ ತಲೆ ಮೇಲೆ ಕೈಯಿಟ್ಟುಕೊಂಡು ಹೇಳಿದರು: "ನಿನ್ನಪ್ಪ ಚಿಕ್ಕವನಿದ್ದಾಗ ನಮ್ಮನೇಲಿ ಕರಿಯ ಅಂತ ಒಂದಿತ್ತು. ಗದ್ದೆ ಏರಿ ಮೇಲೆ ಹಂದಿ ಅದರ ಹೊಟ್ಟೆ ಹರಿದುಹಾಕ್ತು. ಹಾಗೇ ಮನೆವರೆಗೂ ನಡೆದು ಬಂದು, ನಿನ್ನಜ್ಜನ ಕಾಲ ಹತ್ರ ಬಿತ್ತು. ನಿಮ್ಮಜ್ಜ ಎರಡು ದಿನ ಊಟ ಮಾಡ್ಲಿಲ್ಲ. ಹಲಸಿನ ಮರದ ಬುಡದಲ್ಲಿ ಹುಗಿದು, ಮೇಲೊಂದು ಕಲ್ಲು ಇಟ್ರು. ಜನ ನಕ್ಕರು, ನಾಯಿಗೆ ಕಲ್ಲು ಇಡೋದುಂಟಾ ಅಂತ." ಸ್ವಲ್ಪ ತಡೆದು, ಶಾಸನದ ಕಡೆ ಗದ್ದ ಎತ್ತಿ ತೋರಿಸಿ, "ಇಟ್ಟಿದ್ದಾರಲ್ಲ" ಅಂದರು.

ನಮ್ಮನೆಯವರಿಗೆ ಆ ಹಲಸಿನ ಬುಡದ ಕಲ್ಲು ಗೊತ್ತು. ಅದರ ಮೇಲೆ ಕೂತೇ ಹಲಸಿನ ಹಣ್ಣು ಬಿಡಿಸುತ್ತಿದ್ದವರು. ಅದು ಯಾಕಿದೆ ಅಂತ ಅವರಿಗೂ ಆವತ್ತೇ ಗೊತ್ತಾದದ್ದು. ಮಗ ಕೇಳಿದ ಪ್ರಶ್ನೆ ಒಂದೇ: "ಕರಿಯನ ಕಲ್ಲಲ್ಲಿ ಯಾಕೆ ಏನೂ ಬರೆದಿಲ್ಲ?"

ಆ ಕಲ್ಲಿನ ಮುಂದೆ ನಾವು ಇದ್ದದ್ದು ಇಪ್ಪತ್ತು ನಿಮಿಷಕ್ಕೂ ಜಾಸ್ತಿ. ಲೆಕ್ಕದಲ್ಲಿ ಒಂದು ಅಂತ ಬರೆದುಕೊಳ್ಳಲು ನನಗೆ ಮನಸ್ಸು ಬರುತ್ತಿಲ್ಲ, ಆದರೂ ಒಂದೇ.

ಮಕ್ಕಳನ್ನು, ಅತ್ತೆಯನ್ನು ನಮ್ಮನೆಯವರ ಜೊತೆ ಕಬ್ಬನ್ ಪಾರ್ಕಿಗೆ ಕಳಿಸಿ ನಾನೊಬ್ಬಳೇ ಒಂದು ಗಂಟೆ ಮ್ಯಾಪ್ ಅನ್ನುವ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂಗೆ ಹೋಗಿಬಂದೆ. ಅದೇ ಕಸ್ತೂರಬಾ ರಸ್ತೆ. 2023ರಲ್ಲಿ ತೆರೆದದ್ದು. ಹೊರಗೋಡೆ ಹಳೇ ಉಕ್ಕಿನ ನೀರಿನ ತೊಟ್ಟಿಯ ಹಾಗೆ, ಪ್ರತಿ ಹಲಗೆಯಲ್ಲೂ ಗುಣಿಸು ಚಿಹ್ನೆಯಂಥ ಉಬ್ಬು. ಅವರ ಸಂಗ್ರಹದಲ್ಲಿ ಬಟ್ಟೆ, ಕಸೂತಿಯೂ ಇದೆ ಅಂತ ಕೇಳಿ ಹೋದವಳು ನಾನು. ಪ್ರದರ್ಶನಗಳನ್ನು ಬದಲಾಯಿಸುತ್ತಿರುತ್ತಾರೆ, ಏನಿದೆ ಅಂತ ನೋಡಿಕೊಂಡು ಹೋಗುವುದು ಒಳ್ಳೆಯದು. ಒಳಗೆ ತಂಪು, ಶುಚಿ, ಶೌಚಾಲಯ ನಮ್ಮ ಮನೆಯದ್ದಕ್ಕಿಂತ ಚೆನ್ನಾಗಿದೆ. ಆದರೆ ಏಳು ವರ್ಷದವನನ್ನು ಕರೆದುಕೊಂಡು ಹೋಗಿದ್ದರೆ "ಮುಟ್ಟಬೇಡ" ಅನ್ನುವುದರಲ್ಲೇ ನನ್ನ ಒಂದು ಗಂಟೆ ಮುಗಿದಿರುತ್ತಿತ್ತು. ಒಬ್ಬರೇ ಹೋಗಿ. ಗಂಡನ ಕೈಗೆ ಮಕ್ಕಳನ್ನು ಕೊಟ್ಟು ಹೋಗುವ ಒಂದು ಗಂಟೆಯ ಬೆಲೆ ಯಾವ ಟಿಕೆಟ್ಟಿಗೂ ಸಮ ಅಲ್ಲ.

ಭಾನುವಾರ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಇಳಿದು, ಮತ್ತೆ ಆಟೋ. ಮೆಜೆಸ್ಟಿಕ್‌ನ ಆ ಮೆಟ್ಟಿಲು, ಆ ಜನ ನೋಡಿ ಅತ್ತೆ "ಸುಗ್ಗಿ ಜಾತ್ರೇಲೂ ಇಷ್ಟು ಜನ ಇರಲ್ಲ" ಅಂದರು. ವಯಸ್ಸಾದವರಿದ್ದರೆ ಲಿಫ್ಟ್ ಎಲ್ಲಿದೆ ಅಂತ ಮೊದಲೇ ಕೇಳಿಕೊಳ್ಳಿ. ನಾವು ಹತ್ತಿ ಮುಗಿಸಿದ ಮೇಲೆ ನೋಡಿದೆವು.

2019ರಲ್ಲಿ ತೆರೆದ ಈ ಮ್ಯೂಸಿಯಂ ಪೂರ್ತಿ ಸಂಗೀತದ್ದು. ಒಳಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳುವುದು, ಪರದೆ ಮುಟ್ಟಿ ರಾಗ ಹುಡುಕುವುದು, ಗಾಜಿನೊಳಗೆ ವಾದ್ಯಗಳು. ಮಗಳಿಗೆ ಸ್ವರ್ಗ. ಎರಡು ಗಂಟೆ ಅವಳು ನಮ್ಮ ಜೊತೆ ಮಾತೇ ಆಡಲಿಲ್ಲ, ಹನ್ನೆರಡು ವರ್ಷದವರು ಮನೆಯಲ್ಲೂ ಆಡಲ್ಲ ಬಿಡಿ. ಅತ್ತೆಗೆ ಹೆಡ್‌ಫೋನ್ ಹಾಕಿದೆ. ಕಣ್ಣು ಮುಚ್ಚಿ ಕೂತವರು ಅಲ್ಲೇ ತೂಕಡಿಸಿದರು. ಅದು ಕಿವಿಗೆ ಹಿತವಾಗಿತ್ತು ಅಂತಲೇ ಅರ್ಥ.

ಹೊರಗೆ ಒಂದು ಧ್ವನಿ ತೋಟ ಇದೆ. ಕಲ್ಲು, ಕೊಳವೆ, ಲೋಹದ ಪಟ್ಟಿ ಎಲ್ಲ ತಟ್ಟಿ ನುಡಿಸಬಹುದು, ಯಾರೂ ಬೈಯಲ್ಲ. ಎರಡು ದಿನ "ಮುಟ್ಟಬೇಡ" ಕೇಳಿ ಕೇಳಿ ಬೇಸತ್ತಿದ್ದ ಮಗ ಅಲ್ಲಿ ಕಟ್ಟು ಬಿಚ್ಚಿದ ಕರು. ಒಂದೊಂದು ಕಲ್ಲಿಗೂ ಒಂದೊಂದು ಸದ್ದು. ಅವನು ಸುಮ್ಮನೆ ಬಡಿಯುತ್ತಿದ್ದ, ತಾಳವಿಲ್ಲ, ಲಯವಿಲ್ಲ. ಅತ್ತೆ ಹತ್ತಿರ ಹೋಗಿ ಅವನ ಕೈ ಹಿಡಿದು ನಿಲ್ಲಿಸಿ, ತಮ್ಮ ಬೆರಳ ಗೆಣ್ಣಿನಿಂದ ತಟ್ಟಿ ತೋರಿಸಿದರು. ನಮ್ಮೂರ ಸುಗ್ಗಿಯಲ್ಲಿ ಕುಣಿತಕ್ಕೆ ಹೊಡೆಯುವ ಆ ಪೆಟ್ಟು, ಎರಡು ನಿಧಾನ, ಮೂರು ಚುರುಕು. ಅವನು ಹಿಂದೆಯೇ ತಟ್ಟಿದ. ಎರಡನೇ ಸಲಕ್ಕೆ ಸರಿಯಾಗಿ ಬಂತು. ಮಂಡಿನೋವಿನ ಅತ್ತೆ ಕಲ್ಲಿನಿಂದ ಕಲ್ಲಿಗೆ ಹೋದರು, ಮೊಮ್ಮಗ ಹಿಂದೆ. ನಾನು ಬೆಂಚಿನಲ್ಲಿ ಕೂತು ಲೆಕ್ಕ ಹಾಕುವುದನ್ನು ಬಿಟ್ಟುಬಿಟ್ಟೆ.

ಇಲ್ಲಿ ಟಿಕೆಟ್ ವಿಶ್ವೇಶ್ವರಯ್ಯ ಮ್ಯೂಸಿಯಂಗಿಂತ ಜಾಸ್ತಿ, ಐದು ಜನರ ಸಂಸಾರಕ್ಕೆ ಯೋಚಿಸುವಂಥದ್ದೇ. ಸಂಗೀತದ ಗಂಧ ಇಲ್ಲದವರಿಗೆ ಒಳಗಿನದು ಒಂದು ಗಂಟೆಗೆ ಸಾಕಾಗಬಹುದು. ಇದಕ್ಕೂ ಸೋಮವಾರ ರಜೆ. ಬೆಂಗಳೂರಿನಲ್ಲಿ ಸೋಮವಾರ ಮ್ಯೂಸಿಯಂ ನೋಡ್ತೀನಿ ಅಂತ ಹೊರಟವರು, ನಾವು ನೋಡಿದವುಗಳಲ್ಲಿ, ವಿಶ್ವೇಶ್ವರಯ್ಯ ಮ್ಯೂಸಿಯಂಗೇ ಹೋಗಬೇಕಾಗುತ್ತೆ, ತಾರಾಲಯಕ್ಕೂ ಅವತ್ತು ಬೀಗ.

ನಾವು ಮಾಡಿದ ತಪ್ಪು ಒಂದಿದೆ. ಶನಿವಾರ ಒಂದೇ ದಿನ ಮೂರು ಮ್ಯೂಸಿಯಂ ಹಾಕಿಕೊಂಡದ್ದು. ಪಕ್ಕಪಕ್ಕದಲ್ಲೇ ಇವೆಯಲ್ಲ ಅಂತ ಆಸೆ. ಮ್ಯಾಪ್ ಬಿಟ್ಟಿದ್ದರೆ ಅತ್ತೆ ಪಾರ್ಕಿನಲ್ಲಿ ಇನ್ನೊಂದು ಗಂಟೆ ನನಗಾಗಿ ಕಾಯದೆ ಬೇಗ ಮನೆ ಸೇರುತ್ತಿದ್ದರು, ಆವತ್ತು ರಾತ್ರಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ನರಳುತ್ತಿರಲಿಲ್ಲ. ನನ್ನ ಬಟ್ಟೆಯ ಆಸೆಗೆ ಅವರ ಮಂಡಿ ಬೆಲೆ ತೆತ್ತಿತು. ಮಧ್ಯಾಹ್ನಕ್ಕೆ ಮುಂಚೆ ಒಂದು, ಆಮೇಲೆ ಉದ್ಯಾನ, ಮನಸ್ಸಿದ್ದರೆ ಸಂಜೆಗೆ ಒಂದು ಚಿಕ್ಕದು. ಮಡಿಸುವ ಪುಟ್ಟ ಸ್ಟೂಲು ಒಂದು ಬ್ಯಾಗಿನಲ್ಲಿರಲಿ.

ಎಚ್‌ಎಎಲ್ ವಿಮಾನಗಳ ಮ್ಯೂಸಿಯಂ ಉಳಿದುಹೋಯಿತು. ಹಳೇ ಏರ್‌ಪೋರ್ಟ್ ರಸ್ತೆಯ ಆ ಕಡೆ ಇರುವುದರಿಂದ ವಿಜಯನಗರದಿಂದ ಒಂದಿಡೀ ದಿನದ ಕೆಲಸ. ನಮ್ಮನೆಯವರಿಗೆ ಎಚ್‌ಎಎಲ್‌ನವರೇ ಮಾಡಿದ, 1961ರಲ್ಲಿ ಮೊದಲು ಹಾರಿದ ಮರುತ್ ಯುದ್ಧವಿಮಾನ ನೋಡುವ ಆಸೆ. ಮಗನಿಗೆ ಬೇರೆ ಕಾರಣ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾದ ಮೇಲೆ ತನ್ನ ವಿಮಾನಕ್ಕಿಂತ ಎಷ್ಟೋ ವೇಗದ, ಸ್ಟಾರ್‌ಫೈಟರ್ ಅನ್ನುವ ಅವರ ಯುದ್ಧವಿಮಾನ ಹೊಡೆದುರುಳಿಸಿ ಮಡಿದ ನಮ್ಮ ಜಿಲ್ಲೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವನ ದೇವರು. ಮಹಾವೀರ ಚಕ್ರ ಬಂದದ್ದು 23 ವರ್ಷ ಕಳೆದು, 1988ರಲ್ಲಿ. ಮಡಿಕೇರಿಯಲ್ಲಿ ಅವರ ಪ್ರತಿಮೆ ಕಂಡಾಗಲೆಲ್ಲ ಇವನು ಸೆಲ್ಯೂಟ್ ಹೊಡೆಯದೆ ಬಸ್ ಹತ್ತಲ್ಲ.

ವಾಪಸ್ ಬರುವಾಗ ಹುಣಸೂರಿನ ಹತ್ತಿರ ಮಳೆ ಹಿಡಿಯಿತು. ವೈಪರ್ ಶಬ್ದದಲ್ಲಿ ಎಲ್ಲರೂ ಸುಮ್ಮನೆ ಕೂತಿದ್ದಾಗ ನಮ್ಮನೆಯವರು ಮೆಲ್ಲಗೆ ಬಾಯಿಬಿಟ್ಟರು, ಕೊಯ್ಲು ಮುಗಿದ ಮೇಲೆ, ಮಾರ್ಚಿನಲ್ಲಿ, ಇನ್ನೊಂದು ಸಲ ಹೋಗಿ ಎಚ್‌ಎಎಲ್ ನೋಡಿಬರೋಣವಾ ಅಂತ.

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು, "ಅಲ್ಲಿ ಕೂರಕ್ಕೆ ಬೆಂಚು ಇದೆಯಾ, ವಿಚಾರಿಸು."